ನಿಮ್ಮ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್? ಹೀಟ್ ರೇಂಜ್ ನೋಡಿ ತಗೊಳ್ಳಿ

ದಾವಣಗೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು "ಟರ್ಬೊ ಕಾರಿದೆ, ಒಳ್ಳೆ ಪ್ಲಗ್ ಕೊಡಿ" ಅಂದರೆ ಕೌಂಟರ್ ಮೇಲೆ ಮೊದಲು ಬರುವುದು ಇರಿಡಿಯಂ ಅನ್ನುವ ಲೋಹದ ತುದಿಯ ಸ್ಪಾರ್ಕ್ ಪ್ಲಗ್. ಬೆಲೆ ಜಾಸ್ತಿ, ಹೆಸರು ದೊಡ್ಡದು. ಹಾಗಾಗಿ ಗಾಡಿಯೂ ಜೋರಾಗಿ ಓಡುತ್ತದೆ ಅನ್ನುವ ನಂಬಿಕೆ. ಪೊಲೊ ಜಿಟಿ, ಆಕ್ಟೇವಿಯಾ ಆರ್‌ಎಸ್, ಅಬಾರ್ತ್ ಪುಂಟೊ ಇಟ್ಟುಕೊಂಡು ಜೋಪಾನ ಮಾಡುವ ಹುಡುಗರು ನಮ್ಮ ಊರಲ್ಲೂ ಇದ್ದಾರೆ, ಅವರದ್ದು ಒಂದೇ ಪ್ರಶ್ನೆ: ಯಾವ ಪ್ಲಗ್ ಹಾಕಿದರೆ ಪಿಕಪ್ ಬರುತ್ತದೆ?

ನೇರವಾಗಿ ಹೇಳಿಬಿಡುತ್ತೇನೆ. ಸರಿಯಾಗಿರುವ ಎಂಜಿನ್ನಿಗೆ ಯಾವ ಪ್ಲಗ್ಗೂ ಹೊಸದಾಗಿ ಶಕ್ತಿ ತಂದುಕೊಡುವುದಿಲ್ಲ. ಪ್ಲಗ್ ಬದಲಿಸಿದ ಮೇಲೆ ಗಾಡಿ ಹಗುರಾಯಿತು ಅಂತ ಅನ್ನಿಸಿದರೆ, ಹಳೇ ಪ್ಲಗ್ ಅಷ್ಟು ಸವೆದಿತ್ತು ಅಂತಲೇ ಅರ್ಥ. ಆದರೆ ತಪ್ಪು ಪ್ಲಗ್ ಇದೆಯಲ್ಲ, ಅದು ಇರುವ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ, ಹಣೆಬರಹ ಕೆಟ್ಟಿದ್ದರೆ ಪಿಸ್ಟನ್ನನ್ನೇ ತೂತು ಮಾಡುತ್ತದೆ. ಅದಕ್ಕೇ ಈ ಸಣ್ಣ ವಸ್ತುವಿನ ಬಗ್ಗೆ ಇಷ್ಟು ಬರೆಯಬೇಕು ಅನ್ನಿಸಿತು.

ಪ್ಲಗ್ಗಿನ ಕೆಲಸ ನೋಡಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ಒತ್ತಡಕ್ಕೆ ಪ್ಲಗ್ಗಿನ ನಡುವಿನ ತುದಿ ಮತ್ತು ಅದರ ಎದುರು ಬಾಗಿದ ತುದಿ, ಇವೆರಡರ ನಡುವಿನ ಗಾಳಿ ಮುರಿದು ಕಿಡಿ ಹಾರುತ್ತದೆ, ಪೆಟ್ರೋಲಿಗೆ ಬೆಂಕಿ ಹೊತ್ತುತ್ತದೆ. ಎಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಪ್ರತಿ ಪ್ಲಗ್ ಸೆಕೆಂಡಿಗೆ 50 ಸಲ ಕಿಡಿ ಕೊಡಬೇಕು, ಅದೂ 2000 ಡಿಗ್ರಿ ದಾಟುವ ಬೆಂಕಿಯ ಪಕ್ಕದಲ್ಲೇ ಕೂತು. ಅಂದರೆ ಕಿಡಿ ಹಾರಿಸುವುದು ಅರ್ಧ ಕೆಲಸ. ಬಿಸಿಯನ್ನು ತಡೆದುಕೊಂಡು ಅದನ್ನು ಹೊರಗೆ ಸಾಗಿಸುವುದು ಇನ್ನರ್ಧ. ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಈ ಇನ್ನರ್ಧದ್ದೇ.

ಪ್ಲಗ್ಗಿನ ಮೂತಿ ಹತ್ತಿರ ಬಿಳಿ ಪಿಂಗಾಣಿ ಕಾಣುತ್ತದಲ್ಲ, ಅದರ ತುದಿಯ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 850 ಚಿಲ್ಲರೆ ಡಿಗ್ರಿಗಿಂತ ಕೆಳಗೆ ಇರಬೇಕು. 450ಕ್ಕಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗುವುದಿಲ್ಲ, ಪಿಂಗಾಣಿಗೆ ಅಂಟಿಕೊಳ್ಳುತ್ತದೆ. ಮಸಿ ಅಂದರೆ ಇಂಗಾಲ, ಅದರಲ್ಲಿ ಕರೆಂಟು ಹರಿಯುತ್ತದೆ. ಆಗ ಕಿಡಿಯಾಗಿ ಹಾರಬೇಕಾದ ಕರೆಂಟು ಸುಮ್ನೆ ಮಸಿಯ ದಾರಿ ಹಿಡಿದು ಪ್ಲಗ್ಗಿನ ಲೋಹದ ಬಾಡಿಯನ್ನು ಸೇರಿಬಿಡುತ್ತದೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ. ಬಿಸಿ ವಿಪರೀತ ಏರಿದರೆ ಕಥೆಯೇ ಬೇರೆ. ಕೆಂಪಗೆ ಕಾದ ತುದಿಯೇ ಕಿಡಿಗೆ ಕಾಯದೆ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುತ್ತದೆ, ಮೇಲಿನಿಂದ ಬೆಂಕಿ ಅದನ್ನು ಕೆಳಕ್ಕೆ ಒತ್ತುತ್ತದೆ, ಆ ಗುದ್ದಾಟದಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಕರಗಲು ಜಾಸ್ತಿ ಹೊತ್ತು ಬೇಕಿಲ್ಲ.

ಈ ಎರಡು ಗಡಿಗಳ ಒಳಗೆ ಪ್ಲಗ್ಗನ್ನು ಇಡುವ ಲೆಕ್ಕವೇ ಹೀಟ್ ರೇಂಜ್. ಹಾಟ್ ಪ್ಲಗ್ ಅಂದರೆ ಬಿಸಿ ಕಿಡಿ ಕೊಡುವ ಪ್ಲಗ್ ಅಲ್ಲ. ಅದರ ಪಿಂಗಾಣಿ ಮೂತಿ ಉದ್ದ. ತುದಿಯ ಬಿಸಿ ಲೋಹದ ಬಾಡಿ ಸೇರಿ, ಥ್ರೆಡ್ ಮೂಲಕ ಸಿಲಿಂಡರ್ ಹೆಡ್‌ಗೆ ಇಳಿಯಲು ಹೆಚ್ಚು ದೂರ ಹೋಗಬೇಕು, ಹಾಗಾಗಿ ತುದಿ ಬಿಸಿಯಾಗಿಯೇ ಉಳಿಯುತ್ತದೆ. ಕೋಲ್ಡ್ ಪ್ಲಗ್ಗಿನ ಮೂತಿ ಗಿಡ್ಡ, ಬಿಸಿ ಬೇಗ ಇಳಿದುಹೋಗುತ್ತದೆ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಹೀಟ್ ರೇಂಜಿನ ಒಂದು ನಂಬರ್ ಬದಲಾದರೆ ತುದಿಯ ಬಿಸಿ ಸುಮಾರು 70ರಿಂದ 100 ಡಿಗ್ರಿ ಬದಲಾಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ನಂಬರ್ ದೊಡ್ಡದಾದಷ್ಟೂ ಹಾಟ್. ಎನ್‌ಜಿಕೆ 6ಕ್ಕೆ ಹತ್ತಿರದ್ದು ಡೆನ್ಸೊದಲ್ಲಿ 20. ಕಂಪನಿ ಬದಲಿಸುವಾಗ ನಂಬರ್ ಹೋಲಿಸುವ ಪಟ್ಟಿ ನೋಡದೆ ಅಂದಾಜಿನ ಮೇಲೆ ತಗೊಂಡರೆ ಕೆಟ್ಟಿತು.

ಉದಾಹರಣೆಗೆ ಒಂದು ಕೋಡ್ ಬಿಡಿಸಿ ನೋಡೋಣ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಅನ್ನುವ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಹಾಕುವ ಪ್ಲಗ್ ಎನ್‌ಜಿಕೆ ಬಿಕೆಆರ್6ಇ-11. ಮೊದಲ ಎರಡು ಅಕ್ಷರ ಹೇಳುವುದು 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನಾ. 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಹೀಟ್ ರೇಂಜ್. 'ಇ' ಅಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ. ಕೊನೆಯ 11 ಅಂದರೆ ಗ್ಯಾಪ್, ಅಂದರೆ ಕಿಡಿ ಹಾರುವ ಎರಡು ತುದಿಗಳ ನಡುವಿನ ದೂರ, 1.1 ಮಿ.ಮೀ. ಇದರಲ್ಲಿ ಯಾವುದೂ ಅಲಂಕಾರಕ್ಕಿಲ್ಲ. ಥ್ರೆಡ್ ಉದ್ದವಾದರೆ ಪಿಸ್ಟನ್ ಬಂದು ಬಡಿಯಬಹುದು. ಗಿಡ್ಡವಾದರೆ ಕಿಡಿ ತೂತಿನೊಳಗೇ ಅಡಗಿಕೊಳ್ಳುತ್ತದೆ, ಖಾಲಿ ಉಳಿದ ಥ್ರೆಡ್ಡಿಗೆ ಕಾರ್ಬನ್ ಹಿಡಿದು ಮುಂದೊಂದು ದಿನ ಸರಿಯಾದ ಪ್ಲಗ್ಗೂ ಕೂರುವುದಿಲ್ಲ. ರೆಸಿಸ್ಟರ್ ಇಲ್ಲದ್ದನ್ನು ಹಾಕಿದರೆ ಕಿಡಿಯ ರೇಡಿಯೊ ಗದ್ದಲ ಕಾರಿನ ಎಲೆಕ್ಟ್ರಾನಿಕ್ಸ್‌ಗೆ ತೊಂದರೆ ಕೊಡುತ್ತದೆ.

"ನಮ್ಮ ಕಡೆ ಬಿಸಿಲು ಜಾಸ್ತಿ, ಒಂದು ನಂಬರ್ ಕೋಲ್ಡ್ ಹಾಕಿದರೆ ಒಳ್ಳೆಯದಲ್ವಾ?" ಈ ಮಾತು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕೇಳಿದ್ದೇನೆ. ಬೇಡ. ಏಪ್ರಿಲ್ ಬಿಸಿಲಿಗೆ ಹೊರಗಿನ ಗಾಳಿ ಹತ್ತು ಡಿಗ್ರಿ ಏರಿದರೂ ನೂರಾರು ಡಿಗ್ರಿಯಲ್ಲಿ ಕೆಲಸ ಮಾಡುವ ಪ್ಲಗ್ಗಿಗೆ ಅದು ದೊಡ್ಡದಲ್ಲ. ಬಿಸಿ ಗಾಳಿಗೆ ನಾಕಿಂಗ್ (ಪೆಟ್ರೋಲ್ ತನ್ನಷ್ಟಕ್ಕೇ ಸಿಡಿದು ಕಟಕಟ ಅನ್ನುವುದು) ಶುರುವಾದರೆ ಈಗಿನ ಎಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಹೊತ್ತನ್ನು ತಾನೇ ತಡಮಾಡುತ್ತದೆ. ಪ್ಲಗ್ ನೋಡುವುದು ನೀವು ಗಾಡಿಯನ್ನು ಹೇಗೆ ಓಡಿಸುತ್ತೀರಿ ಅನ್ನುವುದನ್ನು. ವಿದ್ಯಾನಗರದಿಂದ ಹೊರಟು ಗಾಂಧಿ ಸರ್ಕಲ್ ದಾಟಿ ಮಂಡಿಪೇಟೆವರೆಗೆ, ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗಿ ಬರುವುದೇ ಜಾಸ್ತಿಯಾದರೆ, ಕೋಲ್ಡ್ ಪ್ಲಗ್ ಯಾವತ್ತೂ 450 ಡಿಗ್ರಿ ಮುಟ್ಟದೆ ಮಸಿ ತುಂಬಿಕೊಂಡು ಕೂರುತ್ತದೆ. ಅದೇ ಗಾಡಿ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವವರೆಗೆ ಒಂದೇ ವೇಗದಲ್ಲಿ ಹೋದರೆ ಅರ್ಧ ಮಸಿ ತಾನೇ ಸುಟ್ಟುಹೋಗುತ್ತದೆ.

ಕೋಲ್ಡ್ ಪ್ಲಗ್ ಯಾರಿಗೆ ಬೇಕು ಹಾಗಾದರೆ? ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ, ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಏರಿಸಿದವರಿಗೆ. ಕಂಪನಿ ಕೊಟ್ಟದ್ದಕ್ಕಿಂತ 75ರಿಂದ 100 ಎಚ್‌ಪಿ ಹೆಚ್ಚಾದರೆ ಒಂದು ನಂಬರ್ ಕೋಲ್ಡ್ ಅನ್ನುವುದು ಟ್ಯೂನಿಂಗ್ ಮಾಡುವವರ ಅಂದಾಜು ಲೆಕ್ಕ. ಎಕ್ಸಾಸ್ಟ್ ಮಾತ್ರ ಬದಲಿಸಿ ಸದ್ದು ಜಾಸ್ತಿ ಮಾಡಿಕೊಂಡ ಗಾಡಿಗೆ ಅದರ ಅಗತ್ಯವೇ ಇಲ್ಲ.

ಈಗ ಲೋಹದ ವಿಷಯ. ಅಂಗಡಿಯವರು 'ಕಾಪರ್' ಅಂತ ಕೊಡುವ ಪ್ಲಗ್ಗಿನ ತುದಿ ತಾಮ್ರದ್ದಲ್ಲ, ನಿಕ್ಕಲ್ ಮಿಶ್ರಲೋಹದ್ದು. ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ, ಬಿಸಿ ಎಳೆಯಲಿಕ್ಕೆ. ಇರಿಡಿಯಂ ಪ್ಲಗ್ಗಿನೊಳಗೂ ಸಾಮಾನ್ಯವಾಗಿ ಅದೇ ತಾಮ್ರ ಇರುತ್ತದೆ. ನಿಕ್ಕಲ್ 1455 ಡಿಗ್ರಿಗೆ ಕರಗಿದರೆ ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ ಕರಗುತ್ತದೆ. ಹಾಗಾಗಿ ಇರಿಡಿಯಂ ತುದಿಯನ್ನು 0.6, ಕೆಲವು ಪ್ಲಗ್ಗಿನಲ್ಲಿ 0.4 ಮಿ.ಮೀ.ವರೆಗೆ ಸಣ್ಣ ಮಾಡಬಹುದು, ಬೇಗ ಸವೆಯುವುದಿಲ್ಲ. ತುದಿ ಸಣ್ಣದಾದಷ್ಟೂ ವಿದ್ಯುತ್ ಕ್ಷೇತ್ರ ಅಲ್ಲಿ ಒತ್ತಾಗುತ್ತದೆ, ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ, ಕಾಯಿಲ್ಲಿಗೆ ಆರಾಮ. ಲಾಭ ಇಷ್ಟೇ, ಇದು ಸಣ್ಣದೇನೂ ಅಲ್ಲ: ಐಡ್ಲಿಂಗ್ ನಯವಾಗಿರುತ್ತದೆ, ಬಾಳಿಕೆ ಬರುತ್ತದೆ. ಕಂಪನಿಯೇ ಇರಿಡಿಯಂ ಹೇಳಿದ್ದರೆ ದುಡ್ಡು ಉಳಿಸಲು ನಿಕ್ಕಲ್ ಹಾಕಬೇಡಿ. ನಿಕ್ಕಲ್ ಹೇಳಿದ್ದರೆ, ಅದನ್ನೇ ಹಾಕಿ ಬೇಗ ಬೇಗ ಬದಲಿಸುತ್ತಾ ಹೋದರೂ ಏನೂ ನಷ್ಟವಿಲ್ಲ.

ಹಳೇ ಎಂಎಕ್ಸ್-5ನಂಥ ಗಾಡಿಗಳಲ್ಲಿ ಒಂದು ವಿಶೇಷ ಇದೆ. ಒಂದೇ ಕಾಯಿಲ್ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುತ್ತದೆ, ಒಂದರಲ್ಲಿ ಕಿಡಿ ನಡುವಿನ ತುದಿಯಿಂದ ಹೊರಟರೆ ಇನ್ನೊಂದರಲ್ಲಿ ಬಾಗಿದ ತುದಿಯಿಂದ ವಾಪಸ್ ಬರುತ್ತದೆ. ಹಾಗಾಗಿ ಎರಡು ಪ್ಲಗ್ ಒಂದು ಥರ, ಇನ್ನೆರಡು ಇನ್ನೊಂದು ಥರ ಸವೆಯುತ್ತವೆ. ಇಂಥ ಗಾಡಿಗೆ ದುಬಾರಿ ಪ್ಲಗ್ ಹಾಕುವುದಾದರೆ ಎರಡೂ ತುದಿಗೆ ಗಟ್ಟಿ ಲೋಹ ಇರುವುದನ್ನೇ ತಗೊಳ್ಳಿ.

ಗ್ಯಾಪಿನ ಹಿಂದೆ ಹಳೆಯ ಭೌತಶಾಸ್ತ್ರ ಇದೆ. ಗಾಳಿಯ ಒತ್ತಡ ಮತ್ತು ದೂರ ಎರಡೂ ಸೇರಿ ಕಿಡಿಗೆ ಬೇಕಾದ ವೋಲ್ಟೇಜನ್ನು ತೀರ್ಮಾನ ಮಾಡುತ್ತವೆ ಅಂತ ಜರ್ಮನಿಯ ಫ್ರೆಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿದ. ಟರ್ಬೊ ಸಿಲಿಂಡರಿಗೆ ಗಾಳಿ ತುರುಕಿದಷ್ಟೂ ಕಿಡಿ ಹಾರುವುದು ಕಷ್ಟ. ಅದಕ್ಕೇ ಟರ್ಬೊ ಎಂಜಿನ್ನಿನ ಗ್ಯಾಪ್ ಸಾಮಾನ್ಯವಾಗಿ 0.7, 0.8 ಮಿ.ಮೀ. ಹತ್ತಿರ ಇರುತ್ತದೆ. ಹಾಗಂತ ತೀರಾ ಚಿಕ್ಕದು ಮಾಡಿದರೆ, ಆಗಷ್ಟೇ ಹುಟ್ಟಿದ ಬೆಂಕಿಯ ಬಿಸಿಯನ್ನು ಅಕ್ಕಪಕ್ಕದ ಲೋಹವೇ ಹೀರಿಕೊಂಡು ಆರಿಸಿಬಿಡುತ್ತದೆ. ಡಬ್ಬದಿಂದ ತೆಗೆದ ಪ್ಲಗ್ಗನ್ನೂ ಗ್ಯಾಪ್ ಅಳೆಯುವ ಗೇಜ್ ಹಾಕಿ ನೋಡಿ. ಇರಿಡಿಯಂ ಆದರೆ ನಡುವಿನ ತುದಿಗೆ ಗೇಜ್ ಒತ್ತಿ ಸನ್ನೆ ಹಾಕಬೇಡಿ, ಪುಟ್ಟ ತುದಿ ಪಟ್ಟಂತ ಮುರಿಯುತ್ತದೆ.

ಡೂಪ್ಲಿಕೇಟ್ ಹಾವಳಿಯೂ ಇದೆ, ಬಿಲ್ಲು ಕೇಳಿ ತಗೊಳ್ಳಿ. ರೆಸಿಸ್ಟರ್ ಪ್ಲಗ್ಗಿನ ಮೇಲಿನ ತುದಿಗೂ ಒಳಗಿನ ನಡುತುದಿಗೂ ಮಲ್ಟಿಮೀಟರ್ ಹಿಡಿದರೆ ಸುಮಾರು 5 ಕಿಲೊ ಓಮ್ ತೋರಿಸಬೇಕು. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರ್ ಇಲ್ಲ ಅಂತಲೇ.

ಹಾಕುವಾಗ ಎಂಜಿನ್ ತಣ್ಣಗಿರಲಿ. ಬಿಚ್ಚುವ ಮೊದಲು ಪ್ಲಗ್ ಗುಂಡಿಗೆ ಗಾಳಿ ಹೊಡೆಸಿ, ನಮ್ಮ ರಸ್ತೆಗಳ ಧೂಳು ಸಿಲಿಂಡರಿಗೆ ಬೀಳಬಾರದು. ಹೊಸ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಅಲ್ಯೂಮಿನಿಯಂ ಹೆಡ್‌ನಲ್ಲಿ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಪಾನಾ ಇಲ್ಲದಿದ್ದರೆ, ವಾಷರ್ ಇರುವ ಹೊಸ ಪ್ಲಗ್ ಕೈಗೆ ಬಿಗಿಯಾದ ಮೇಲೆ ಅರ್ಧ ಸುತ್ತಿಗಿಂತ ಚೂರು ಜಾಸ್ತಿ. ಸಡಿಲ ಬಿಟ್ಟರೆ ಬಿಸಿ ಇಳಿಯಲು ದಾರಿ ಸಿಗದೆ, ಸರಿಯಾದ ನಂಬರಿನ ಪ್ಲಗ್ಗೂ ಕಾದುಹೋಗುತ್ತದೆ.

ಬಿಚ್ಚಿದ ಹಳೇ ಪ್ಲಗ್ಗುಗಳನ್ನು ಎಸೆಯಬೇಡಿ, ಸಿಲಿಂಡರ್ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ನಿಶ್ಚಿಂತೆ, ಅದೇ ನಂಬರ್ ಮುಂದುವರಿಸಿ. ನಾಲ್ಕೂ ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಪ್ಲಗ್ ಕೋಲ್ಡ್ ಆಗಿದೆ. ಬೆಳ್ಳಗೆ ಬೆಂದು ಗುಳ್ಳೆ ಎದ್ದಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ ಕಾರಣ ಹುಡುಕಿ. ಮೂರು ಚೆನ್ನಾಗಿದ್ದು ಒಂದು ಮಾತ್ರ ಎಣ್ಣೆಯಲ್ಲಿ ನೆಂದಿದ್ದರೆ ಅದು ಪ್ಲಗ್ಗಿನ ದೋಷವಲ್ಲ. ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಿ, ಹೊಸ ಪ್ಲಗ್ ಆಮೇಲೆ ತಗೊಳ್ಳಿ.