ಮೂತ್ರದ ತೊಂದರೆಗೆ ತೊಡೆಸಂದನ್ನೇಕೆ ಮುಟ್ಟಿ ನೋಡುತ್ತಾರೆ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಮೂತ್ರದ ಧಾರೆ ಸಣ್ಣಗಾಗಿದೆ, ಎರಡು ಸಲ ರಕ್ತವೂ ಕಂಡಿತು. ಯುರಾಲಜಿ ಡಾಕ್ಟರು ತೊಡೆಸಂದನ್ನು ಒತ್ತಿ, ಗುದದ್ವಾರದಲ್ಲಿ ಬೆರಳಿಟ್ಟು ನೋಡಿದರಂತೆ. ಅಪ್ಪನಿಗೆ ಮುಜುಗರ, ನಮಗೆ ಭಯ. ಮೂತ್ರನಾಳದ ಕ್ಯಾನ್ಸರ್ ಇದ್ದರೆ ಕೈಗೆ ತಿಳಿಯುತ್ತದೆಯೇ?

ಉತ್ತರ: ಕೆಲವೊಮ್ಮೆ ತಿಳಿಯುತ್ತದೆ. ಮೊದಲು ಭಯದ ಮಾತು: ಈ ವಯಸ್ಸಿನಲ್ಲಿ ಧಾರೆ ಸಣ್ಣಗಾಗಲು ಪ್ರಾಸ್ಟೇಟ್ (ಮೂತ್ರಕೋಶದ ಕೆಳಗೆ ನಾಳವನ್ನು ಸುತ್ತಿಕೊಂಡಿರುವ ಗ್ರಂಥಿ) ದಪ್ಪಗಾಗಿರುವುದೇ ಸಾಮಾನ್ಯ ಕಾರಣ. ಮೂತ್ರ ಹೊರಬರುವ ನಾಳದಲ್ಲೇ ಹುಟ್ಟುವ ಕ್ಯಾನ್ಸರ್ ಬಹಳ ಅಪರೂಪ, ಮೂತ್ರಾಂಗಗಳ ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕೂ ಕಡಿಮೆ. ಆದರೆ ರಕ್ತ ಕಂಡ ಮೇಲೆ ಅದನ್ನೂ ತಳ್ಳಿಹಾಕಿಯೇ ಮುಂದೆ ಹೋಗಬೇಕು.

ಗಂಡಸರಲ್ಲಿ ಈ ನಾಳ ಸುಮಾರು 20 ಸೆಂ.ಮೀ. ಉದ್ದ. ಡಾಕ್ಟರು ಶಿಶ್ನದ ಕೆಳಭಾಗದಿಂದ ಹಿಡಿದು ವೃಷಣಚೀಲದ ಹಿಂಭಾಗದವರೆಗೆ ಅದರ ಜಾಡು ಹಿಡಿದು ಬೆರಳಾಡಿಸುತ್ತಾರೆ. ಹುಡುಕುವುದು ಗಟ್ಟಿ ಜಾಗವನ್ನು, ಗಂಟನ್ನು. ವೃಷಣಚೀಲಕ್ಕೂ ಗುದದ್ವಾರಕ್ಕೂ ನಡುವೆ ಕೀವುಗಡ್ಡೆಯಾಗಿದ್ದರೆ, ಅಥವಾ ಚರ್ಮದ ತೂತಿನಿಂದ ಮೂತ್ರ ಜಿನುಗುತ್ತಿದ್ದರೆ ಅನುಮಾನ ಬಲವಾಗುತ್ತದೆ. ಹಳೆಯ ಸ್ಟ್ರಿಕ್ಚರ್‌ನಲ್ಲೂ, ಅಂದರೆ ಗಾಯದ ಕಲೆಯಿಂದ ನಾಳ ಕಿರಿದಾಗಿದ್ದಾಗಲೂ, ಹೀಗಾಗಬಹುದು, ಮೋಸವಾಗುವುದು ಅಲ್ಲೇ. ದೇಹದ ಆಳದಲ್ಲಿರುವ ನಾಳದ ಹಿಂಭಾಗ ಹೊರಗಿನಿಂದ ಕೈಗೆ ಸಿಗದು, ಅದಕ್ಕೇ ಗುದದ್ವಾರದ ಪರೀಕ್ಷೆ. ಪ್ರಾಸ್ಟೇಟೂ ಅದೇ ಬೆರಳಿಗೆ ಸಿಗುತ್ತದೆ.

ಹೆಂಗಸರಲ್ಲಿ ನಾಳ ಸುಮಾರು 4 ಸೆಂ.ಮೀ. ಮಾತ್ರ. ಯೋನಿಯ ಮುಂಗೋಡೆಯ ಮೂಲಕ ಅದನ್ನು ಮುಟ್ಟಿ ನೋಡಬಹುದು. ಮುಟ್ಟು ನಿಂತವರಲ್ಲಿ ಮೂತ್ರದ್ವಾರದ ಬಳಿ ಕೆಂಪು ಮಾಂಸದ ಕುಡಿ ಕಾಣಿಸಿಕೊಳ್ಳುವುದುಂಟು. ಅದು ಸಾಮಾನ್ಯವಾಗಿ ನಿರಪಾಯಕಾರಿ. ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಔಷಧಿಗೆ ಜಗ್ಗದಿದ್ದರೆ ಮಾತ್ರ ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು.

ಇನ್ನು ತೊಡೆಸಂದು. ನಾಳದ ಮುಂಭಾಗದ ದುಗ್ಧರಸ (ಲಿಂಫ್) ಹರಿದು ಸೇರುವುದು ಅಲ್ಲಿನ ಗ್ರಂಥಿಗಳಿಗೆ. ಆದ್ದರಿಂದ ಎರಡೂ ಬದಿ ಒತ್ತಿ, ಗ್ರಂಥಿ ಎಷ್ಟು ದೊಡ್ಡದು, ಜರುಗುತ್ತದೆಯೋ ಅಂಟಿಕೊಂಡಿದೆಯೋ ನೋಡುತ್ತಾರೆ. ಶಿಶ್ನದ ಕ್ಯಾನ್ಸರ್‌ನಲ್ಲಿ ಊದಿದ ಗ್ರಂಥಿ ಬರೀ ಸೋಂಕಿನದ್ದಾಗಿರಬಹುದು. ಮೂತ್ರನಾಳದ ಕ್ಯಾನ್ಸರ್ ಖಚಿತವಾದವರಲ್ಲಿ ಹಾಗೆ ಸಮಾಧಾನಪಟ್ಟುಕೊಳ್ಳುವಂತಿಲ್ಲ, ಹೆಚ್ಚಿನ ಪಾಲು ರೋಗ ಹರಡಿರುತ್ತದೆ. ನಾಳದ ಹಿಂಭಾಗದ ದುಗ್ಧರಸ ಸೇರುವ ಗ್ರಂಥಿಗಳಾದರೋ ಕಿಬ್ಬೊಟ್ಟೆಯ ಆಳದಲ್ಲಿವೆ, ಅವಕ್ಕೆ ಸ್ಕ್ಯಾನೇ ಗತಿ.

ಹಾಗಾಗಿ ಕೈಗೆ ಏನೂ ಸಿಗಲಿಲ್ಲವೆಂದು ದುರ್ಬೀನು ಪರೀಕ್ಷೆ, ಅಂದರೆ ಸಿಸ್ಟೋಸ್ಕೋಪಿ ಬರೆದುಕೊಟ್ಟರೆ ಬೇಡವೆನ್ನಬೇಡಿ. ರಕ್ತ ತಾನಾಗಿ ನಿಂತಿದ್ದರೂ ಅಷ್ಟೆ. ಗಂಟು ಕಂಡರೂ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವುದು ಬಯಾಪ್ಸಿ.