ಕತ್ತಿನ ರಕ್ತನಾಳದ ಸ್ಟೆಂಟ್: ಹೃದಯದ ಲೆಕ್ಕ ಇಲ್ಲಿ ನಡೆಯದು

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇಲ್ಲದ ಊರು ಈಗ ಅಪರೂಪ. ಆದ್ದರಿಂದಲೇ ಕತ್ತಿನ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ವರದಿಯಲ್ಲಿ ‘ಶೇ. 60 ಬ್ಲಾಕ್’ ಎಂದು ಕಂಡೊಡನೆ ‘ಅದಕ್ಕೂ ಒಂದು ಸ್ಟೆಂಟ್ ಹಾಕಿಬಿಡಿ ಡಾಕ್ಟ್ರೇ’ ಎನ್ನುತ್ತಾ ಬರುವವರಿದ್ದಾರೆ. ಯಾವ ತೊಂದರೆಯೂ ಕಾಣಿಸದ ಇಂಥವರಲ್ಲಿ ಹೆಚ್ಚಿನವರಿಗೆ ನಾನು ಮಾತ್ರೆ ಬರೆದು, ಬೀಡಿ ಸಿಗರೇಟು ಬಿಡಲು ಹೇಳಿ ಮನೆಗೆ ಕಳುಹಿಸುತ್ತೇನೆ. ಕೆಲವರು ಅಸಮಾಧಾನದಿಂದಲೇ ಎದ್ದು ಹೋಗುತ್ತಾರೆ.

ಹೃದಯದ ಸ್ಟೆಂಟ್‌ನಿಂದ ಎದೆನೋವು ಇಳಿಯುತ್ತದೆ. ಕತ್ತಿನ ಸ್ಟೆಂಟ್‌ನಿಂದ ರೋಗಿಯ ಅನುಭವಕ್ಕೆ ಬರುವ ಸುಖ ಏನೂ ಇಲ್ಲ. ಅದನ್ನು ಹಾಕುವುದು ತಲೆಸುತ್ತು ಮರೆವುಗಳಿಗಲ್ಲ, ಮುಂದೆ ಬರಬಹುದಾದ ಪಾರ್ಶ್ವವಾಯುವನ್ನು ತಡೆಯಲಿಕ್ಕೆ. ದವಡೆಯ ಮೂಲೆಯಿಂದ ತುಸು ಕೆಳಗೆ, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುವಲ್ಲಿ, ಹರಿವು ಸುಳಿಯಾಗುವ ಗೋಡೆಯ ಮೇಲೆ ಜಿಡ್ಡು ಕಟ್ಟುತ್ತದೆ. ನಾಳ ಕಿರಿದಾಗಿ ಮಿದುಳಿಗೆ ರಕ್ತ ಸಾಲದೆ ಹೋಗುವುದಕ್ಕಿಂತಲೂ, ಆ ಜಿಡ್ಡು ಬಿರಿದು, ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರು ಮೇಲಕ್ಕೆ ತೇಲಿಹೋಗುವುದೇ ಹೆಚ್ಚಿನ ಅಪಾಯ. ಹೀಗಾಗಿ ಶೇಕಡಾವಾರಿಗಿಂತ ಮೊದಲು ನಾವು ಕೇಳುವುದು, ಚೂರು ಈಗಾಗಲೇ ಹೋಗಿದೆಯೇ ಎಂದು.

ನಿವೃತ್ತ ಮೇಷ್ಟರೊಬ್ಬರಿಗೆ ಬೆಳಿಗ್ಗೆ ಪತ್ರಿಕೆ ಓದುವಾಗ ಎಡಗಣ್ಣಿಗೆ ಮೇಲಿನಿಂದ ಪರದೆ ಇಳಿದಂತಾಗಿ ಐದು ನಿಮಿಷ ಕತ್ತಲೆ ಕವಿಯಿತು. ಅವರು ಕನ್ನಡಕ ಬದಲಿಸಿದರು. ವಾರದ ನಂತರ ಬಲಗೈಯಿಂದ ಕಾಫಿ ಲೋಟ ಜಾರಿತು. ಅರ್ಧ ಗಂಟೆಯಲ್ಲಿ ಕೈ ಸರಿಹೋಯಿತು. ಎಡಗಣ್ಣು ಮತ್ತು ಬಲಗೈ ಎರಡೂ ಎಡ ಕೆರೋಟಿಡ್‌ನತ್ತ ಬೆರಳು ತೋರುತ್ತವೆ. ಇಂಥ ಮುನ್ಸೂಚನೆ ಕಂಡಿರುವ, ಶೇ. 70ಕ್ಕಿಂತ ಹೆಚ್ಚು ಕಿರಿದಾದ ನಾಳದ ರೋಗಿಗಳಲ್ಲಿ, ಮಾತ್ರೆ ಮಾತ್ರ ಪಡೆದವರ ಪೈಕಿ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯುವಿಗೆ ಒಳಗಾದವರು ಶೇ. 26, ಶಸ್ತ್ರಚಿಕಿತ್ಸೆಯಿಂದ ಜಿಡ್ಡು ತೆಗೆಸಿಕೊಂಡವರಲ್ಲಿ ಶೇ. 9 ಎಂದು ಉತ್ತರ ಅಮೆರಿಕದ ‘ನ್ಯಾಸೆಟ್’ ಅಧ್ಯಯನ 1991ರಲ್ಲಿ ತೋರಿಸಿತು.

ಸ್ಟೆಂಟ್ ಬಂದದ್ದು ಆಮೇಲೆ. 2010ರಲ್ಲಿ ಪ್ರಕಟವಾದ, 2,502 ರೋಗಿಗಳ ‘ಕ್ರೆಸ್ಟ್’ ಅಧ್ಯಯನದಲ್ಲಿ ಒಟ್ಟಾರೆ ಫಲಿತಾಂಶ ಸ್ಟೆಂಟ್, ಶಸ್ತ್ರಚಿಕಿತ್ಸೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಚಿಕಿತ್ಸೆಯ ಆಸುಪಾಸಿನ ದಿನಗಳ ಪಾರ್ಶ್ವವಾಯು ಸ್ಟೆಂಟ್‌ನವರಲ್ಲಿ ಶೇ. 4.1, ಶಸ್ತ್ರಚಿಕಿತ್ಸೆಯವರಲ್ಲಿ ಶೇ. 2.3 ಇತ್ತು, ಹೃದಯಾಘಾತದ ಲೆಕ್ಕ ಇದಕ್ಕೆ ತಿರುಗುಮುರುಗು. ಎಪ್ಪತ್ತು ದಾಟಿದವರಿಗೆ ಶಸ್ತ್ರಚಿಕಿತ್ಸೆಯೇ ಮೇಲು. ವಯಸ್ಸಾದಂತೆ ನಾಳಗಳು ಸುಣ್ಣಗಟ್ಟಿ ಅಂಕುಡೊಂಕಾಗಿ, ತಂತಿ ದಾಟಿಸುವಾಗಲೇ ಚೂರು ಏಳುತ್ತದೆ. ಸ್ಟೆಂಟ್ ಹಾಕುವವನಾದ ನಾನೇ ಅಂಥವರನ್ನು ಸರ್ಜನ್‌ರ ಬಳಿ ಕಳುಹಿಸುತ್ತೇನೆ. ಕತ್ತಿಗೆ ಹಿಂದೆ ವಿಕಿರಣ ಚಿಕಿತ್ಸೆ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ, ಹೃದಯ ದುರ್ಬಲವಾಗಿದ್ದರೆ ಸ್ಟೆಂಟ್ ಒಳ್ಳೆಯದು. ಪೂರ್ತಿ ಮುಚ್ಚಿಹೋದ ನಾಳವನ್ನು ಸಾಮಾನ್ಯವಾಗಿ ತೆರೆಯುವುದೇ ಇಲ್ಲ.

ಮೇಷ್ಟರಿಗೆ ಆಗ ಅರವತ್ತಾರು, ಹೃದಯದ ಬಲ ತೀರಾ ಕಡಿಮೆ; ಸ್ಟೆಂಟ್ ಆರಿಸಿಕೊಂಡೆವು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ತೊಡೆಸಂದಿನ ನಾಳದಿಂದ ತಂತಿ ಏರಿಸಿ, ಕಿರಿದಾದ ಜಾಗವನ್ನು ದಾಟಿಸಿ, ಅದರಾಚೆ ಚೂರುಗಳನ್ನು ಹಿಡಿಯಲು ಕೊಡೆಯಂತೆ ಬಿಚ್ಚಿಕೊಳ್ಳುವ ಪುಟ್ಟ ಜಾಲರಿಯನ್ನು ಮೊದಲು ಕೂರಿಸುತ್ತೇವೆ. ಅವರ ಬಲಗೈಯಲ್ಲಿ ಮಕ್ಕಳ ಪೀಪಿ ಗೊಂಬೆ ಇಟ್ಟು, ಆಗಾಗ ‘ಒತ್ತಿ ಮೇಷ್ಟ್ರೇ’ ಎನ್ನುತ್ತಿದ್ದೆವು. ಆ ಸದ್ದು ಕೇಳುವವರೆಗೆ ಮಿದುಳು ಕ್ಷೇಮ. ಕಿರಿದಾದ ಜಾಗವನ್ನು ಅಗಲಿಸುವ ಬಲೂನು ಉಬ್ಬಿದಾಗ ಅಲ್ಲಿನ ನರತಂತುಗಳು ಕೆರಳಿ ನಾಡಿ ಎಪ್ಪತ್ತೈದರಿಂದ ಮೂವತ್ತೆಂಟಕ್ಕೆ ಕುಸಿಯಿತು. ಇದು ನಿರೀಕ್ಷಿತವೇ ಆದ್ದರಿಂದ ನಾಡಿ ಏರಿಸುವ ಅಟ್ರೋಪಿನ್ ಚುಚ್ಚುಮದ್ದು ಸಿರಿಂಜಿನಲ್ಲಿ ಸಿದ್ಧವಿತ್ತು. ಕೊನೆಗೆ ಹೊರತೆಗೆದ ಜಾಲರಿಯಲ್ಲಿ ರವೆಯಷ್ಟು ಗಾತ್ರದ ನಾಲ್ಕಾರು ಹಳದಿ ಕಣಗಳಿದ್ದವು.

ಆನಂತರದ ಒಂದೆರಡು ದಿನ ರಕ್ತದೊತ್ತಡದ ಮೇಲೆಯೇ ನಮ್ಮ ಕಣ್ಣು. ವರ್ಷಗಟ್ಟಲೆ ಕಡಿಮೆ ರಕ್ತಕ್ಕೆ ಒಗ್ಗಿದ ಮಿದುಳಿಗೆ ಒಮ್ಮೆಲೇ ಪೂರ್ಣ ಹರಿವು ನುಗ್ಗಿದರೆ ವಿಪರೀತ ತಲೆನೋವು, ಫಿಟ್ಸ್, ಅಪರೂಪಕ್ಕೆ ರಕ್ತಸ್ರಾವವೂ ಆಗಬಹುದು. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಮಾತ್ರೆ ಎರಡನ್ನೂ ಕನಿಷ್ಠ ನಾಲ್ಕು ವಾರ ತಪ್ಪದೆ ನುಂಗಬೇಕು, ಮುಂದೆ ಒಂದು ಜೀವನಪೂರ್ತಿ. ಹನ್ನೆರಡನೆಯ ದಿನ ಮೇಷ್ಟರು ದಂತವೈದ್ಯರ ಕುರ್ಚಿಯಿಂದಲೇ ಫೋನ್ ಮಾಡಿ, ಹಲ್ಲು ಕೀಳಿಸಲು ಎರಡೂ ಮಾತ್ರೆ ಐದು ದಿನ ನಿಲ್ಲಿಸಲೇ ಎಂದು ಕೇಳಿದರು. ನೋವು ತಡೆಯುವಂತಿದ್ದರೆ ಹಲ್ಲೇ ಒಂದು ತಿಂಗಳು ಕಾಯಲಿ ಎಂದೆ. ಕಾಯಿತು.