ಶಾಲೆಗಳು ಒಂದಾದವು, ಮುಖ್ಯೋಪಾಧ್ಯಾಯಿನಿಯರು ಎಲ್ಲಿ ಹೋದರು?

ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಕಪ್ಪುವರ್ಣೀಯ ಅಧ್ಯಕ್ಷೆ ಕ್ಲಾಡಿನ್ ಗೇ ಅವರು ಅಧಿಕಾರ ವಹಿಸಿಕೊಂಡ ಆರು ತಿಂಗಳಲ್ಲಿ, 2024ರ ಜನವರಿಯಲ್ಲಿ, ರಾಜೀನಾಮೆ ನೀಡಿದರು. ಕ್ಯಾಂಪಸ್ಸಿನ ಯೆಹೂದಿ ದ್ವೇಷದ ಬಗ್ಗೆ ಸಂಸತ್ತಿನ ವಿಚಾರಣೆಯಲ್ಲಿ ಅವರು ಕೊಟ್ಟ ಉತ್ತರ, ಅವರ ಬರಹಗಳ ಮೇಲೆ ಬಂದ ಕೃತಿಚೌರ್ಯದ ಆರೋಪ, ಅವರ ನೇಮಕಕ್ಕೆ ವರ್ಣವೇ ಕಾರಣವೆಂಬ ಟೀಕೆ ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡು, ಯಾವುದು ಕಾರಣ, ಯಾವುದು ನೆಪ ಎಂದು ಬಿಡಿಸಿ ನೋಡುವುದೇ ಕಷ್ಟವಾಯಿತು. ಈ ಗೋಜಲು ಅರ್ಥವಾಗಬೇಕಾದರೆ ಅಮೆರಿಕದ ಶಾಲೆಗಳನ್ನು ನಡೆಸಿದ ಕಪ್ಪು ಮಹಿಳೆಯರ ಹಳೆಯ ಇತಿಹಾಸಕ್ಕೆ ಹೋಗಬೇಕು.

ಗುಲಾಮಳಾಗಿ ಹುಟ್ಟಿದ ಫ್ಯಾನಿ ಜಾಕ್ಸನ್ ಕಾಪಿನ್ 1869ರಲ್ಲಿ ಫಿಲಡೆಲ್ಫಿಯಾದ ಪ್ರತಿಷ್ಠಿತ ಶಾಲೆಯೊಂದರ ಮುಖ್ಯಸ್ಥೆಯಾಗಿ 1902ರವರೆಗೂ ಅದನ್ನು ನಡೆಸಿದರು. 1904ರಲ್ಲಿ ಮೇರಿ ಮೆಕ್ಲಿಯಾಡ್ ಬೆಥೂನ್ ಫ್ಲಾರಿಡಾದಲ್ಲಿ ಐವರು ಹುಡುಗಿಯರೊಂದಿಗೆ ತೆರೆದ ಶಾಲೆ ಮುಂದೆ ಕಾಲೇಜಾಯಿತು. ಬೆಥೂನ್‌ರಂಥವರಿಗೆ ಯಾರೂ ಹುದ್ದೆ ಕೊಟ್ಟಿರಲಿಲ್ಲ, ಸಂಸ್ಥೆಯನ್ನೇ ಕಟ್ಟಿಕೊಂಡು ಅದರ ಮುಖ್ಯಸ್ಥರಾದರು. ಸರ್ಕಾರಿ ಶಾಲಾ ಮಂಡಳಿಯ ಅಧೀನದಲ್ಲಿದ್ದವರ ಪಾಡು ಬೇರೆ. ವಾಷಿಂಗ್ಟನ್‌ನ ಎಂ ಸ್ಟ್ರೀಟ್ ಹೈಸ್ಕೂಲಿನ ಮುಖ್ಯಸ್ಥೆಯಾಗಿದ್ದ ಆನಾ ಜೂಲಿಯಾ ಕೂಪರ್ ತಮ್ಮ ವಿದ್ಯಾರ್ಥಿಗಳನ್ನು ಹಾರ್ವರ್ಡ್, ಬ್ರೌನ್ ವಿಶ್ವವಿದ್ಯಾಲಯಗಳಿಗೆ ಕಳುಹಿಸುತ್ತಿದ್ದರು. ಕಪ್ಪು ಮಕ್ಕಳಿಗೆ ಕೈಕಸುಬು ಸಾಕು ಎಂಬ ಅಭಿಪ್ರಾಯ ಪ್ರಬಲವಾಗಿದ್ದ ಆ ದಿನಗಳಲ್ಲಿ, ಶಿಸ್ತು ಸಾಲದು ಎಂಬಂಥ ದೂರುಗಳ ನಡುವೆ, 1906ರಲ್ಲಿ ಅವರ ನೇಮಕವನ್ನು ಮುಂದುವರಿಸಲಿಲ್ಲ. ಮದುವೆಯಾದ ಶಿಕ್ಷಕಿ ಕೆಲಸ ಬಿಡಬೇಕೆಂಬ ಕಟ್ಟುಪಾಡು ಇದ್ದ ಆ ಊರಿನಲ್ಲಿ, ವಿಧವೆಯಾಗಿದ್ದುದರಿಂದಲೇ ಅವರು ಅಷ್ಟು ಕಾಲ ಉಳಿದಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಹಳ್ಳಿಗಾಡಿನಲ್ಲಿ ಇನ್ನೊಂದು ಬಗೆಯ ನಾಯಕತ್ವ ಬೆಳೆಯಿತು. 1907ರಲ್ಲಿ ಆನಾ ಜೀನ್ಸ್ ಎಂಬ ಮಹಿಳೆ ಕೊಟ್ಟ ಹತ್ತು ಲಕ್ಷ ಡಾಲರ್ ನಿಧಿಯಿಂದ ನೇಮಕಗೊಂಡ ಮೇಲ್ವಿಚಾರಕರಲ್ಲಿ ಹೆಚ್ಚಿನವರು ಕಪ್ಪು ಮಹಿಳೆಯರು. ಅವರಲ್ಲಿ ಮೊದಲಿಗರಾದ ವರ್ಜೀನಿಯಾ ರಾಂಡಾಲ್ಫ್, ಒಂದೇ ಕೋಣೆಯ ತಮ್ಮ ಶಾಲೆಯ ಅಂಗಳಕ್ಕೆ ಜಲ್ಲಿ ಹಾಕಿಸಿ, ಸಿಕಮೋರ್ ಸಸಿ ನೆಡಿಸಿ, ಹೊಲಿಗೆ ಅಡುಗೆಗಳ ಜೊತೆಗೆ ಅಕ್ಷರ ಕಲಿಸಿದವರು. 1908ರಿಂದ ವರ್ಜೀನಿಯಾ ರಾಜ್ಯದ ಹೆನ್ರೈಕೋ ಕೌಂಟಿಯ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳನ್ನು ಸುತ್ತಿ ನೋಡಿಕೊಂಡರು. ಶಿಕ್ಷಕರಿಗೆ ತರಬೇತಿ, ಊರವರಿಂದ ಚಂದಾ, ಕಟ್ಟಡದ ದುರಸ್ತಿ ಎಲ್ಲ ಇವರ ಪಾಲಿಗೆ. ಒಂದು ಪ್ರದೇಶದ ಶಾಲೆಗಳಿಗೆಲ್ಲ ಮುಖ್ಯಸ್ಥರಾದ ಸೂಪರಿಂಟೆಂಡೆಂಟರ ಕೆಲಸವೆಲ್ಲ ಇವರದು, ಹುದ್ದೆ ಮಾತ್ರ ಬಿಳಿಯ ಗಂಡಸರದು.

1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಪ್ಪು ಮಕ್ಕಳಿಗೊಂದು ಬಿಳಿಯ ಮಕ್ಕಳಿಗೊಂದು ಎಂದು ಶಾಲೆಗಳನ್ನು ಬೇರ್ಪಡಿಸುವ ವರ್ಣಭೇದ ಸಲ್ಲದೆಂದಿತು. ಮಕ್ಕಳ ಮಟ್ಟಿಗೆ ಬಾಗಿಲು ತೆರೆದ ಈ ತೀರ್ಪಿನ ಇನ್ನೊಂದು ಪರಿಣಾಮ ಪಠ್ಯಪುಸ್ತಕಗಳಲ್ಲಿ ಅಪರೂಪಕ್ಕೆ ಕಾಣುತ್ತದೆ. ತೀರ್ಪಿಗೆ ಒಂದು ವರ್ಷ ಮೊದಲೇ, ಪ್ರಕರಣದ ತವರಾದ, ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ ಕಪ್ಪು ಶಿಕ್ಷಕಿಯೊಬ್ಬರಿಗೆ ಪತ್ರ ಬಂದಿತ್ತು: ಬಿಳಿಯ ಮಕ್ಕಳಿಗೆ ಕಪ್ಪು ಶಿಕ್ಷಕರು ಬೇಡವೆಂದು ಊರಿನ ಬಹುಸಂಖ್ಯಾತರು ಬಯಸಬಹುದು ಎಂಬ ಊಹೆಯ ಮೇಲೆ ಮಂಡಳಿ ಮುಂದುವರಿಯುತ್ತದೆ ಎಂಬುದು ಅದರ ಸಾರಾಂಶ. ಮಿಸೌರಿಯ ಮೋಬರ್ಲಿಯಲ್ಲಿ ಶಾಲೆಗಳು ವಿಲೀನಗೊಂಡಾಗ ಹನ್ನೊಂದು ಮಂದಿ ಕಪ್ಪು ಶಿಕ್ಷಕರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ. 1959ರಲ್ಲಿ ಮೇಲ್ಮನವಿ ನ್ಯಾಯಾಲಯ ಇದರಲ್ಲಿ ತಾರತಮ್ಯವಿಲ್ಲವೆಂದಿತು. ದಕ್ಷಿಣದ ಮತ್ತು ಅದರ ಗಡಿಗೆ ಹೊಂದಿದ 17 ರಾಜ್ಯಗಳಲ್ಲಿ 1954ರಿಂದ 1965ರ ನಡುವೆ ಕೆಲಸ ಕಳೆದುಕೊಂಡ ಕಪ್ಪು ಶಿಕ್ಷಕರು ಮತ್ತು ಆಡಳಿತಗಾರರ ಸಂಖ್ಯೆ ಸುಮಾರು 38,000 ಎಂಬ ಅಂದಾಜಿದೆ. ಒಂದು ಊರಿಗೆ ಎರಡು ಶಾಲೆ ಬೇಡವೆಂದಾಗ ಮುಚ್ಚಿದ್ದು ಸಾಮಾನ್ಯವಾಗಿ ಕಪ್ಪು ಮಕ್ಕಳ ಶಾಲೆಯೇ. ಹೈಸ್ಕೂಲುಗಳ ಮುಖ್ಯಸ್ಥರಲ್ಲಿ ಬಹುಪಾಲು ಗಂಡಸರಿದ್ದುದರಿಂದ, ಮಹಿಳೆಯರ ಕೈಯಲ್ಲಿದ್ದವು ಹೆಚ್ಚಾಗಿ ಚಿಕ್ಕ ಪ್ರಾಥಮಿಕ ಶಾಲೆಗಳು; ವಿಲೀನದ ಲೆಕ್ಕಾಚಾರದಲ್ಲಿ ಅವುಗಳಿಗೆ ಬೆಲೆ ಕಡಿಮೆ. ಅರ್ಹತೆ, ಪರೀಕ್ಷೆಯ ಅಂಕ, ಹುದ್ದೆ ಇಲ್ಲ ಎಂಬ ಮಾತುಗಳೇ ಕಡತಗಳಲ್ಲಿ ಉಳಿದವು, ವರ್ಣದ ಮಾತು ಕಾಗದಕ್ಕೆ ಬರಲಿಲ್ಲ. ವಜಾಕ್ಕೆ ವಸ್ತುನಿಷ್ಠ ಮಾನದಂಡ ಬೇಕೆಂದು ದಕ್ಷಿಣದ ಫೆಡರಲ್ ನ್ಯಾಯಾಲಯ ವಿಧಿಸುವ ಹೊತ್ತಿಗೆ 1969 ಮುಗಿಯುತ್ತ ಬಂದಿತ್ತು. ಜೀನ್ಸ್ ನಿಧಿಯ ಮೇಲ್ವಿಚಾರಕರ ಯೋಜನೆ ಅದಕ್ಕೂ ಮುಂಚೆಯೇ, 1968ರಲ್ಲಿ, ಮುಗಿದಿತ್ತು.

ಆಮೇಲೆ ದೊಡ್ಡ ನಗರಗಳ ಶಾಲೆಗಳನ್ನು ನಡೆಸಿದ ಕಪ್ಪು ಮಹಿಳೆಯರ ಸರದಿ. 1973ರಲ್ಲಿ ವಾಷಿಂಗ್ಟನ್ನಿನ ಸೂಪರಿಂಟೆಂಡೆಂಟ್ ಆದ ಬಾರ್ಬರಾ ಸೈಜ್‌ಮೋರ್ 1975ರಲ್ಲಿ ವಜಾ ಆದರು. ಷಿಕಾಗೋದ ರೂತ್ ಲವ್ ಅವರ ಒಪ್ಪಂದ 1985ರಲ್ಲಿ ಮುಗಿದಾಗ ನವೀಕರಣವಾಗಲಿಲ್ಲ. ಫಿಲಡೆಲ್ಫಿಯಾದ ಕಾನ್‌ಸ್ಟನ್ಸ್ ಕ್ಲೇಟನ್ ಮಾತ್ರ ಹತ್ತು ವರ್ಷಕ್ಕೂ ಮೀರಿ ಉಳಿದರು. ವರ್ಣಭೇದದ ಲೆಕ್ಕದಲ್ಲಿ ಕಪ್ಪು ಗಂಡಸರನ್ನೂ ಲಿಂಗಭೇದದ ಲೆಕ್ಕದಲ್ಲಿ ಬಿಳಿಯ ಹೆಂಗಸರನ್ನೂ ಕಾಣುವ ಕಾನೂನಿಗೆ, ಎರಡೂ ಹೊರೆಯನ್ನು ಹೊತ್ತವರು ಕಾಣುವುದಿಲ್ಲವೆಂದು ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ವಾದಿಸಿದ್ದು ಇದೇ ಅವಧಿಯ ಕೊನೆಗೆ.

ವಿಶ್ವವಿದ್ಯಾಲಯಗಳು ಇನ್ನೂ ನಿಧಾನ. ಕಪ್ಪು ಹೆಣ್ಣುಮಕ್ಕಳಿಗೆಂದೇ 1881ರಲ್ಲಿ ಆರಂಭವಾದ ಸ್ಪೆಲ್‌ಮನ್ ಕಾಲೇಜಿಗೆ ಕಪ್ಪು ಮಹಿಳೆಯೊಬ್ಬರು ಅಧ್ಯಕ್ಷೆಯಾಗಿ ಬಂದದ್ದು 1987ರಲ್ಲಿ. 1995ರಲ್ಲಿ ಸ್ಮಿತ್ ಕಾಲೇಜಿಗೆ, 2001ರಲ್ಲಿ ಬ್ರೌನ್ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷೆಯಾದ ರೂತ್ ಸಿಮನ್ಸ್, ನಂತರ ಟೆಕ್ಸಸ್‌ನ ಪ್ರೈರಿ ವ್ಯೂ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದರು. 2023ರಲ್ಲಿ, ಹುದ್ದೆ ಬಿಡುವ ಕಾಲ ಸಮೀಪಿಸಿದಾಗ, ಅವರ ನೇಮಕಾತಿ ಅಧಿಕಾರವನ್ನು ಮೊಟಕುಗೊಳಿಸಿರುವುದಾಗಿ ತಿಳಿಸಲಾಯಿತು. ನಿರ್ಗಮಿಸುವ ಅಧ್ಯಕ್ಷರಿಗೆಲ್ಲ ಇರುವ ರೂಢಿಯಿದು ಎಂಬುದು ಆಡಳಿತದ ವಿವರಣೆ. ಹೆಸರಿಗಷ್ಟೇ ಅಧ್ಯಕ್ಷೆಯಾಗಿರಲು ಒಪ್ಪುವುದಿಲ್ಲವೆಂದು ಹೇಳಿ, ಸಿಮನ್ಸ್ ನಿಗದಿಗಿಂತ ಮುಂಚಿತವಾಗಿಯೇ ಹೊರಬಂದರು.